ಘಾಟಿಯ ದಾರಿಯಲ್ಲಿ ಕಲಿತ ಪಾಠ

ಮಾರ್ಗವೆಂಬ ಶಬ್ದಕ್ಕೆ ಮೂಲವಾದ ಧಾತುವಿಗೆ 'ಹುಡುಕುವುದು' ಎಂಬ ಅರ್ಥವನ್ನು ವೈಯಾಕರಣರು ಹೇಳಿದ್ದಾರೆ. ಬಹುಕಾಲ ಹುಡುಗರಿಗೆ ಸಂಸ್ಕೃತಪಾಠ ಹೇಳಿದ ನಮಗೆ ಇದು ಕಂಠಸ್ಥ. ಕ್ರಿಸ್ತನ ಮೊದಲ ಶಿಷ್ಯರ ಮತಕ್ಕೂ 'ಮಾರ್ಗ'ವೆಂದೇ ಹೆಸರಿದ್ದಿತೆಂದು ಅಪೊಸ್ತಲರ ಕೃತ್ಯಗಳಿಂದ ತಿಳಿದುಬರುತ್ತದೆ; ಇದನ್ನೂ ನಾವು ಬಾಲ್ಯದಿಂದ ಬಲ್ಲೆವು. ಆದರೆ ಬಲ್ಲುದು ಬೇರೆ, ನಡೆದುದು ಬೇರೆಯಷ್ಟೆ. ಕಳೆದ ಸೆಪ್ಟೆಂಬರು ತಿಂಗಳಲ್ಲಿ ಆಗುಂಬೆಯ ಘಾಟಿಯನ್ನು ಹತ್ತುವವರೆಗೆ ಇವೆರಡರ ಅಂತರವು ನಮ್ಮ ಮನಸ್ಸಿಗೆ ಹತ್ತಿರಲಿಲ್ಲ.

ನಮಗೊಬ್ಬ ತಮ್ಮನಿದ್ದಾನೆ, ತೀರ್ಥಹಳ್ಳಿಯಲ್ಲಿ ವಾಸ. ತಂದೆಯವರ ಮನೆಯ ಪಾಲಿನ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ಒಂಬತ್ತು ವರ್ಷಗಳಿಂದ ಅವನ ಹೊಸ್ತಿಲನ್ನು ನಾವು ತುಳಿದಿರಲಿಲ್ಲ. "ಅವನೇ ಮೊದಲು ಬರಲಿ, ಚಿಕ್ಕವನಲ್ಲವೇ" ಎಂಬುದು ನಮ್ಮ ಹಟ. ಆತನಿಗೆ ದೇಹಸ್ಥಿತಿ ಚೆನ್ನಾಗಿಲ್ಲವೆಂದು ವರ್ತಮಾನ ಬಂದಾಗಲೂ ಎರಡು ದಿನ ಸುಮ್ಮನಿದ್ದೆವು. ಮೂರನೆಯ ದಿನ ಮನೆಯವರು, "ನೀವು ಬಾರದಿದ್ದರೆ ನಾನೇ ಬಸ್ಸು ಹತ್ತುವೆನು" ಎಂದರು. ಅಂತೂ ಅಳಿಯನ ಕಾರಿನಲ್ಲಿ ಉಡುಪಿಯಿಂದ ಮೂವರೂ ಹೊರಟೆವು.

ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿಲೋಮೀಟರು. ಹೆಬ್ರಿಯನ್ನು ದಾಟಿ ಸೋಮೇಶ್ವರಕ್ಕೆ ಬರುವವರೆಗೆ ಹಾದಿಯು ಹೆಚ್ಚುಕಡಿಮೆ ಸಮತಟ್ಟು. ಅಲ್ಲಿಂದ ಮುಂದೆ ಕಾಡು ಇಕ್ಕೆಲಗಳಲ್ಲಿಯೂ ಒತ್ತಿಕೊಂಡು ಬರುತ್ತದೆ. 14 ತಿರುವುಗಳಲ್ಲಿ ರಸ್ತೆಯು ಹಾವಿನಂತೆ ಸುತ್ತಿ, ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿರುವ ಆಗುಂಬೆಯನ್ನು ಮುಟ್ಟುತ್ತದೆ. ಮಳೆಗೆ ಹೆಸರಾದ ಊರು ಅದು. ನಾವು ಹೋದ ದಿನ ಮಳೆ ಬಿಟ್ಟಿದ್ದರೂ ಮಂಜು ದಟ್ಟವಾಗಿದ್ದಿತು.

"ದೊಡ್ಡ ದೀಪವನ್ನು ಹಾಕಬಾರದೇನೋ?" ಎಂದೆವು.

"ಬೇಡ ಮಾವ. ಮಂಜಿನಲ್ಲಿ ಆ ಬೆಳಕು ನಮ್ಮ ಕಣ್ಣಿಗೇ ತಿರುಗಿ ಹೊಡೆಯುತ್ತದೆ. ತಗ್ಗಿಸಿದರೆ ಹತ್ತು ಮಾರು ಕಾಣುತ್ತದೆ, ಅಷ್ಟು ದೂರ ಹೋದರೆ ಇನ್ನು ಹತ್ತು ಮಾರು ಕಾಣುತ್ತದೆ" ಎಂದನು.

ದೇವರ ವಾಕ್ಯವನ್ನು ಕಾಲಿಗೆ ದೀಪವೆಂದು ಕೀರ್ತನಕಾರನು ಕರೆದುದೇಕೆಂದು ನಮಗೆ ಆಗ ಹೊಳೆಯಿತು. ತಮ್ಮನ ಮನೆಯಲ್ಲಿ ಏನಾಗುವುದೋ, ಅವನು ಮುಖ ತಿರುಗಿಸಿಕೊಂಡರೆ ಗತಿಯೇನೋ ಎಂದು ನಾವು ಬೆಟ್ಟದಾಚೆಯನ್ನೆಲ್ಲ ಈಗಲೇ ಕಾಣಬೇಕೆಂದು ಕುಳಿತಿದ್ದೆವು. ಕಾಲಿನ ದೀಪವು ಮುಂದಿನ ಹೆಜ್ಜೆಯನ್ನು ಮಾತ್ರ ತೋರುವುದು. ನಡೆಯುವವನಿಗೆ ಅಷ್ಟು ಸಾಕು.

ಒಂದು ತಿರುವಿನಲ್ಲಿ ಗುಡ್ಡದ ಮಣ್ಣು ಜರಿದು ರಸ್ತೆಯು ಇಕ್ಕಟ್ಟಾಗಿದ್ದಿತು. ಮೇಲಿನಿಂದ ಇಳಿಯುತ್ತಿದ್ದ ಜೀಪೊಂದು ನಮ್ಮನ್ನು ಕಂಡೊಡನೆ ಅಂಚಿಗೆ ಸರಿದು ನಿಂತಿತು. ಅಳಿಯನು ಕೈಯೆತ್ತಿ ವಂದಿಸಿ ಮುಂದೆ ಸಾಗಿದನು. "ಅವರೇಕೆ ನಿಂತರು?" ಎಂದು ಕೇಳಿದೆವು.

"ಅದು ನಿಯಮ, ಮಾವ. ಏರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು. ಏರುವುದು ನಡುವೆ ನಿಂತರೆ ಮತ್ತೆ ಹೊರಡುವುದು ಕಷ್ಟ."

ನಮ್ಮ ದೇಶದ 1989ರ ರಸ್ತೆ ನಿಯಮಾವಳಿಯಲ್ಲಿಯೇ ಈ ವಿಧಿಯಿದ್ದಿತೆಂದು ಆಮೇಲೆ ತಿಳಿದೆವು. ಆದರೆ ಆ ಕ್ಷಣದಲ್ಲಿ ನಮಗೆ ಕಾನೂನು ತೋರಲಿಲ್ಲ. ತಮ್ಮನ ಮುಖ ತೋರಿತು. ಸಾಲವನ್ನೂ ಮಕ್ಕಳ ಓದನ್ನೂ ಹೊತ್ತು ಏರುತ್ತಿರುವವನು ಅವನು. ನಿವೃತ್ತಿವೇತನವನ್ನು ಪಡೆದು ನಿರಾಯಾಸವಾಗಿ ಇಳಿಯುತ್ತಿರುವವರು ನಾವು. ಹಿರಿಯನೆಂಬ ಹೆಸರಿನಿಂದ, ಏರುವವನೇ ನಿಲ್ಲಲಿ ಎಂದು ಒಂಬತ್ತು ವರ್ಷ ದಾರಿಗೆ ಅಡ್ಡವಾಗಿ ನಿಂತಿದ್ದೆವು!

ಒಳ್ಳೆಯ ಸಮಾರ್ಯದವನ ಕಥೆಯನ್ನು ಸ್ವಾಮಿಯು ಇಂತಹದೊಂದು ಇಳಿಜಾರಿನ ಮೇಲೆಯೇ ನಡೆಯಿಸಿದ್ದಾನೆ. ಯೆರೂಸಲೇಮಿನಿಂದ ಯೆರಿಕೋವಿಗೆ 25 ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿ ನೆಲವು ಸುಮಾರು 1000 ಮೀಟರು ತಗ್ಗಿ, ಸಮುದ್ರಮಟ್ಟಕ್ಕಿಂತಲೂ ಕೆಳಗಿಳಿಯುತ್ತದೆ. ಗಾಯಗೊಂಡವನನ್ನು ಕಂಡೂ ಓರೆಯಾಗಿ ಹೋದ ಯಾಜಕನು ಆ ದಾರಿಯನ್ನು ಇಳಿಯುತ್ತಿದ್ದನೆಂದು ಲೂಕನು ಬರೆದಿದ್ದಾನೆ. ಇಳಿಯುವವನಿಗೆ ವೇಗವು ತಾನಾಗಿಯೇ ಬರುವುದು. ಪರರಿಗಾಗಿ ನಿಲ್ಲುವುದಕ್ಕೆ ಮಾತ್ರ ಮನಸ್ಸು ಬೇಕು. ಉನ್ನತದಲ್ಲಿದ್ದ ಕ್ರಿಸ್ತನಾದರೋ ತನ್ನನ್ನು ತಗ್ಗಿಸಿಕೊಂಡು ಇಳಿದುಬಂದುದೇ ನಮಗೆ ದಾರಿಯಾಯಿತೆಂದು ಪೌಲನು ಫಿಲಿಪ್ಪಿಯವರಿಗೆ ಬೋಧಿಸಿದನು.

ತೀರ್ಥಹಳ್ಳಿಯನ್ನು ಸೇರುವಾಗ ಮಧ್ಯಾಹ್ನವಾಗಿತ್ತು. ತಮ್ಮನು ಜಗಲಿಯಲ್ಲಿ ಶಾಲು ಹೊದೆದು ಕುಳಿತಿದ್ದನು, ಬಹಳ ಸೊರಗಿದ್ದನು. ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತೊಂದೂ ನಮ್ಮ ಬಾಯಿಗೆ ಬರಲಿಲ್ಲ. "ತಪ್ಪು ನನ್ನದಪ್ಪ" ಎಂದಷ್ಟೇ ಹೇಳಿ ಪಕ್ಕದಲ್ಲಿ ಕುಳಿತೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಘಾಟಿಯಲ್ಲಿ ಮಂಜು ಬಹಳವಿತ್ತೇನು ಅಣ್ಣ?" ಎಂದು ಕೇಳಿದನು. ಒಳಗಿನಿಂದ ಕಾಫಿ ಬಂದಿತು. ಪಾಲಿನ ಲೆಕ್ಕ ಇನ್ನೂ ಮುಗಿದಿಲ್ಲ. ಮುಗಿಯಲು ಕಾಲ ಬೇಕು. ಆದರೆ ಈಗ ಆ ಲೆಕ್ಕವನ್ನು ಒಂದೇ ಜಗಲಿಯಲ್ಲಿ ಕುಳಿತು ಮಾಡುತ್ತೇವೆ.

ಮರುದಿನ ಘಾಟಿಯನ್ನಿಳಿಯುವಾಗ, ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ತಪ್ಪುವುದೆಂದು ಅಳಿಯನು ಕೆಳಗಿನ ಗೇರಿನಲ್ಲಿಯೇ ಮೆಲ್ಲನೆ ನಡೆಸಿದನು. ಅದೇ ಇಕ್ಕಟ್ಟಿನ ತಿರುವಿನಲ್ಲಿ ಹೊರೆ ಹೊತ್ತ ಸಣ್ಣ ಗಾಡಿಯೊಂದು ಏದುತ್ತ ಎದುರಾಯಿತು. ಹೇಳುವುದಕ್ಕೆ ಮುಂಚೆಯೇ ಅಳಿಯನು ಅಂಚಿಗೆ ಸರಿದು ನಿಂತನು. ಆ ಗಾಡಿಯವನು ಕೈಯೆತ್ತಿ ಮುಂದೆ ಹೋದನು.

ವಾಚಕ ಮಹಾಶಯರೇ, ನಿಮ್ಮ ಮನೆಯ ದಾರಿಯಲ್ಲಿ ಏರುತ್ತಿರುವವರು ಯಾರಾದರೂ ಇರಬಹುದು. ಮೇಲಿರುವವರು ನೀವಾದರೆ, ಹೊತ್ತು ಮೀರುವ ಮೊದಲು ತುಸು ಸರಿದು ನಿಲ್ಲಿರಿ.