ಅತ್ತರಿನ ಊರಿಗೆ ಹೋಗಿ ಬಂದುದು

ಮದುವೆಯ ಹಂದರದ ಬಾಗಿಲಲ್ಲಿ ಬೀಗರನ್ನು ಎದುರುಗೊಳ್ಳುವಾಗ ಗುಲಾಬದಾನಿಯಿಂದ ಪನ್ನೀರು ಚಿಮುಕಿಸಿ, ಬಂದವರ ಮುಂಗೈಗೆ ಅತ್ತರು ಸವರುವ ಪದ್ಧತಿ ನಮ್ಮ ಅಕ್ಕಲಕೋಟೆ, ಸೊಲ್ಲಾಪುರ ಸೀಮೆಯ ವಾಚಕರಿಗೆ ಹೊಸದಲ್ಲ. ಬಾಲ್ಯದಲ್ಲಿ ಆ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಹಿರಿಯರು ಸವರಿಸಿಕೊಂಡ ಕೈಯನ್ನು ಮೂಗಿಗೆ ಹಿಡಿದು ತಲೆದೂಗಿದಾಗ ಅತ್ತರನ್ನು ನಾನೇ ಮಾಡಿ ತಂದೆನೋ ಎಂಬಷ್ಟು ಹೆಮ್ಮೆಯಾಗುತ್ತಿತ್ತು. ಆದುದರಿಂದ ನಮ್ಮ ಕಿರಿಯ ಮಗಳ ಲಗ್ನ ನಿಶ್ಚಯವಾದಾಗ, ಪೇಟೆಯ ಬಣ್ಣದ ಶೀಸೆಗಳನ್ನು ಬಿಟ್ಟು, ಅತ್ತರು ಹುಟ್ಟುವ ಊರಿನಿಂದಲೇ ನಾಲ್ಕು ತೊಲೆ ತರಬೇಕೆಂದು ಮನಸ್ಸಾಯಿತು. 2023ರ ಬೇಸಿಗೆ ರಜೆಯಲ್ಲಿ ನಾವು ದಂಪತಿಗಳು ಕನೌಜಿಗೆ ಹೊರಟುದಕ್ಕೆ ಹೇಳಿಕೊಳ್ಳುವ ಕಾರಣ ಇದು.

ಹೇಳಿಕೊಳ್ಳದ ಕಾರಣ ಮತ್ತೊಂದಿತ್ತು. 2021ರ ಏಪ್ರಿಲಿನಲ್ಲಿ ಕೊರೋನಾ ನನ್ನನ್ನೂ ಹಿಡಿಯಿತು. ಜ್ವರ ಇಳಿಯಿತು, ಕೆಮ್ಮು ಹೋಯಿತು. ಅದರೊಂದಿಗೆ ಹೋದ ಘ್ರಾಣಶಕ್ತಿ ಮಾತ್ರ ತಿರುಗಿ ಬರಲಿಲ್ಲ. ಒಲೆಯ ಮೇಲಿನ ಹಾಲು ಸೀದು ಪಾತ್ರೆ ಕರಿಕಾಗುತ್ತಿದ್ದರೂ ಪಕ್ಕದಲ್ಲಿಯೇ ಪತ್ರಿಕೆ ಓದುತ್ತ ಕುಳಿತಿದ್ದೆ. ಎಂಟು ತಿಂಗಳ ಮೇಲೆ ಸ್ವಲ್ಪ ಬಂದುದೂ ಸೊಟ್ಟಾಗಿ ಬಂತು. ಒಗ್ಗರಣೆಯ ಉಳ್ಳಾಗಡ್ಡಿ ಸುಟ್ಟ ರಬ್ಬರಿನಂತೆ ನಾರುತ್ತಿತ್ತು. ಸೊಲ್ಲಾಪುರದ ವೈದ್ಯರು ಗುಲಾಬಿ, ಲಿಂಬೆ, ಲವಂಗ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ದಿನಕ್ಕೆರಡು ಸಲ, ಅದರ ಹಿಂದಿನ ವಾಸನೆಯನ್ನು ನೆನೆಯುತ್ತ ಮೂಸಬೇಕೆಂದರು. ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ನಾನು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಮೂಗಿಗೆ ಅಕ್ಷರಾಭ್ಯಾಸ ಮಾಡಿಸತೊಡಗಿದೆ. ಲವಂಗ ಬಂತು, ಲಿಂಬೆ ಅರ್ಧ ಬಂತು, ಗುಲಾಬಿ ಬರಲೇ ಇಲ್ಲ. ಪರಿಮಳದ ಊರಿಗೆ ಹೋದರೆ ಏನಾದರೂ ಆದೀತೆಂಬ ಆಸೆಯನ್ನು ಬಾಯಿ ಬಿಟ್ಟು ಹೇಳಲು ಸಂಕೋಚವೆನಿಸಿತು. ಮನೆಯವರಿಗೆ ಅದು ತಿಳಿಯದೆ ಇರಲಿಲ್ಲ.

ದೌಂಡಿನಲ್ಲಿ ಗಾಡಿ ಬದಲಿಸಿ ಕಾನ್ಪುರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಸುಮಾರು ಎಂಬತ್ತು ಕಿಲೋಮೀಟರ್ ಕನೌಜಿಗೆ. ಇತಿಹಾಸದ ಪಾಠ ಹೇಳುವವನಿಗೆ ಈ ಊರಿನ ಹೆಸರು ಸುಮ್ಮನೆ ಕೇಳಿ ಬಿಡುವಂಥದಲ್ಲ. ನರ್ಮದೆಯ ಬಳಿ ನಮ್ಮ ಇಮ್ಮಡಿ ಪುಲಿಕೇಶಿ ತಡೆದು ನಿಲ್ಲಿಸಿದ ಹರ್ಷವರ್ಧನನ ರಾಜಧಾನಿ ಇದು. ಮುಂದೆ ಹತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ನೆರೆಯ ಮಳಖೇಡದಿಂದ ದಂಡೆತ್ತಿ ಹೋದ ರಾಷ್ಟ್ರಕೂಟರ ಮುಮ್ಮಡಿ ಇಂದ್ರನು ಇದನ್ನು ಗೆದ್ದನು. ಅಷ್ಟು ದೂರ ಆನೆ ಕುದುರೆಗಳೊಡನೆ ಹೋದವರನ್ನು ನೆನೆದು, ಬಸ್ಸಿನ ಸೆಕೆಯ ಬಗ್ಗೆ ಗೊಣಗಬಾರದೆಂದು ನನ್ನನ್ನು ನಾನೇ ತಡೆದುಕೊಂಡೆ. ಆ ವೈಭವದ ಕುರುಹು ಈಗ ಕಣ್ಣಿಗೆ ಬೀಳುವುದು ಕಡಿಮೆ. ಇಕ್ಕಟ್ಟಾದ ಗಲ್ಲಿಗಳು, ಹಳೆಯ ಇಟ್ಟಿಗೆಯ ಗೋಡೆಗಳು, ಅವುಗಳ ಹಿಂದೆ ಹೊಗೆ. ಮನೆಯವರು ಒಂದು ಗಲ್ಲಿಯ ತಿರುವಿನಲ್ಲಿ ಫಕ್ಕನೆ ನಿಂತು, “ಅಯ್ಯ, ಗಟಾರದಾಗಿಂದ ಮಲ್ಲಿಗಿ ವಾಸ್ನಿ ಬರಾಕತ್ತೈತ್ರಿ!” ಎಂದರು. ನನಗೆ ಗಟಾರವೂ ಬರಲಿಲ್ಲ, ಮಲ್ಲಿಗೆಯೂ ಬರಲಿಲ್ಲ.

ಮೊದಲ ದಿನವೇ ಮೋಸ ಹೋದೆವೆಂಬುದನ್ನು ಮುಚ್ಚಿಡುವುದಿಲ್ಲ. ಒಂದು ಅಂಗಡಿಯಲ್ಲಿ ‘ಅಸಲಿ ಗುಲಾಬ’ವೆಂದು ಕೊಟ್ಟುದನ್ನು ಕೊಂಡೆವು. ಮನೆಯವರ ಕೈಗೆ ಹಚ್ಚಿದಾಗ ಒಮ್ಮೆಲೇ ಘಮ್ಮೆಂದಿತಂತೆ. ಛತ್ರ ಮುಟ್ಟುವಷ್ಟರಲ್ಲಿ ಎಣ್ಣೆಯ ಜಿಡ್ಡು ಉಳಿದಿತ್ತು, ವಾಸನೆ ಉಳಿದಿರಲಿಲ್ಲ. ಈ ಮೋಸವೇ ಮರುದಿನದ ಪಾಠಕ್ಕೆ ಪೀಠಿಕೆಯಾಯಿತು.

ಮರುದಿನ ಪರಿಚಿತರೊಬ್ಬರ ಚೀಟಿ ಹಿಡಿದು ಒಂದು ಕಾರಖಾನೆಗೆ ಹೋದೆವು. ಕಾರಖಾನೆಯೆಂದರೆ ಯಂತ್ರಗಳ ಸದ್ದಲ್ಲ. ಸಾಲಾಗಿ ಮಣ್ಣಿನ ಒಲೆಗಳು, ಪ್ರತಿಯೊಂದರ ಮೇಲೆ ‘ದೇಗ್’ ಎಂಬ ದೊಡ್ಡ ತಾಮ್ರದ ಹಂಡೆ. ಹಂಡೆಯಲ್ಲಿ ಹೂ ತುಂಬಿ, ನೀರು ಹಾಕಿ, ಮುಚ್ಚಳವಿಟ್ಟು, ಸಂದುಗಳಿಗೆ ಜೇಡಿಮಣ್ಣನ್ನು ಹತ್ತಿಯೊಡನೆ ಮಿದ್ದು ಮೆತ್ತುತ್ತಾರೆ. ಮುಚ್ಚಳದಿಂದ ಹಗ್ಗ ಸುತ್ತಿದ ಬಿದಿರಿನ ಕೊಳವೆ ಕೆಳಗಿಳಿದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ‘ಭಪ್ಕಾ’ ಎಂಬ ಉದ್ದ ಕತ್ತಿನ ತಾಮ್ರದ ಪಾತ್ರೆಯನ್ನು ಸೇರುತ್ತದೆ. ಅದರೊಳಗೆ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ಹೂವಿನ ಸತ್ವವನ್ನು ಹೊತ್ತ ಹಬೆ ಅಲ್ಲಿಗೆ ಬಂದು ತಣಿದು ನೀರಾದಾಗ, ಪರಿಮಳವನ್ನು ಗಂಧದೆಣ್ಣೆ ಹೀರಿಕೊಳ್ಳುತ್ತದೆ. ಅಡಿಯಲ್ಲಿ ನಿಂತ ನೀರನ್ನು ಬಸಿದು ಮತ್ತೆ ಹಂಡೆಗೇ ಸುರಿಯುತ್ತಾರೆ. ಮರುದಿನ ಹೊಸ ಹೂ, ಅದೇ ಎಣ್ಣೆ. ಎಣ್ಣೆ ಸಾಕೆನ್ನುವ ತನಕ ಇದು ದಿನಗಟ್ಟಲೆ ನಡೆಯುತ್ತದೆ. ಗಂಧದೆಣ್ಣೆಯ ಆಸರೆಯಿಲ್ಲದೆ ಬರಿಯ ಗುಲಾಬಿಯ ತೈಲವನ್ನೇ ತೆಗೆಯಬೇಕಾದರೆ ಒಂದು ಕಿಲೋ ತೈಲಕ್ಕೆ ಮೂರು ನಾಲ್ಕು ಸಾವಿರ ಕಿಲೋ ಹೂ ಬೇಕಾಗುತ್ತದೆ ಎಂದ ಮೇಲೆ, ಆ ಎಣ್ಣೆಗಿರುವ ಬೆಲೆಯ ಗುಟ್ಟು ತಿಳಿಯುತ್ತದೆ.

ಬೆಂಕಿಯನ್ನು ನೋಡಿಕೊಳ್ಳುವ ವೃದ್ಧನ ಬಳಿ ಉಷ್ಣಮಾಪಕವಿರಲಿಲ್ಲ. ಆತ ತೊಟ್ಟಿಯಲ್ಲಿ ಕೈಯಿಳಿಸಿ ಭಪ್ಕಾದ ಮೈ ಮುಟ್ಟುತ್ತಿದ್ದ. ಹಂಡೆಗೆ ಕಿವಿಗೊಟ್ಟು ಕುದಿತದ ಸದ್ದು ಕೇಳುತ್ತಿದ್ದ. ಕಾವು ಹೆಚ್ಚಿದರೆ ಹಸಿ ಬಟ್ಟೆಯಿಂದ ಹಂಡೆಯನ್ನು ಒರಸುತ್ತಿದ್ದ. “ತಾವು ಮೂಸಿ ನೋಡುವುದಿಲ್ಲವೇ?” ಎಂದು ಹಿಂದಿಯಲ್ಲಿ ಕೇಳಿದೆ. ದಿನವಿಡೀ ಇದರಲ್ಲಿಯೇ ಇರುವವನಿಗೆ ಮೂಗು ಬೇಗ ದಣಿಯುತ್ತದೆ, ಗುರುಗಳೇ, ಕೈಯನ್ನು ನಂಬಬಹುದು ಎಂಬರ್ಥದ ಮಾತು ಹೇಳಿದ. ನನ್ನ ಕಥೆ ಆತನಿಗೆ ಗೊತ್ತಿರಲಿಲ್ಲ. ಆದರೂ ಆ ಮಾತಿನಿಂದ ನನಗೆ ಎಷ್ಟೋ ಸಮಾಧಾನವಾಯಿತು.

ಗಂಧದೆಣ್ಣೆಯ ಮಾತು ಬಂದಾಗ ಯಜಮಾನರು ನಮ್ಮ ಕಡೆ ತಿರುಗಿ, “ಮೈಸೂರಿನವರೇ?” ಎಂದರು. ಮಹಾರಾಷ್ಟ್ರದ ಕನ್ನಡಿಗರೆಂದು ವಿವರಿಸಲು ಹೋದರೆ ಅರ್ಧ ಗಂಟೆ ಹಿಡಿದೀತೆಂದು ಹೂಂಗುಟ್ಟಿದೆ. ಮೈಸೂರಿನಲ್ಲಿ ಗಂಧದೆಣ್ಣೆಯ ಸರಕಾರಿ ಕಾರಖಾನೆ ಆರಂಭವಾದುದು 1916ರಲ್ಲಿ. ಇಂದು ಒಳ್ಳೆಯ ಎಣ್ಣೆಯ ಬೆಲೆ ಕಿಲೋಗೆ ಲಕ್ಷ ರೂಪಾಯಿ ದಾಟಿರುವುದರಿಂದ ಕನೌಜಿನ ಎಷ್ಟೋ ಒಲೆಗಳ ಭಪ್ಕಾಗಳಲ್ಲಿ ಗಂಧದೆಣ್ಣೆಯ ಬದಲು ವಾಸನೆಯಿಲ್ಲದ ಪ್ಯಾರಾಫಿನ್ ಎಣ್ಣೆ ಇರುತ್ತದೆ. ನಮ್ಮ ಮೊದಲ ದಿನದ ಶೀಸೆಯ ರಹಸ್ಯವೂ ಅದೇ ಇರಬೇಕೆಂದು ಯಜಮಾನರು ನಕ್ಕರು. ಮೇಲಿನ ಹೂ ಹಾರಿ ಹೋದ ಮೇಲೆ ಕೆಳಗೆ ನಿಲ್ಲುವುದಕ್ಕೆ ಏನಾದರೂ ಇರಬೇಕಲ್ಲ!

ಬಳಿಕ ಅವರು ಬೇಲಾ, ಎಂದರೆ ನಮ್ಮ ದುಂಡುಮಲ್ಲಿಗೆಯ ಅತ್ತರನ್ನು ಗಾಜಿನ ಕಡ್ಡಿಯಿಂದ ನಮ್ಮಿಬ್ಬರ ಮಣಿಕಟ್ಟಿಗೂ ಒಂದೊಂದು ತೊಟ್ಟು ಮುಟ್ಟಿಸಿ, “ತಿಕ್ಕಬೇಡಿ, ಈಗ ಬೆಲೆ ಕೇಳಬೇಡಿ, ಸಂಜೆಗೆ ಬನ್ನಿ” ಎಂದರು. ವ್ಯಾಪಾರಿಯೊಬ್ಬನು ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದ್ದನ್ನು ನಾನು ಮೊದಲ ಸಲ ನೋಡಿದೆ.

ಆ ದಿನವೆಲ್ಲ ನನ್ನ ಟಿಪ್ಪಣಿ ಪುಸ್ತಕಕ್ಕೆ ಮೂಗು ಮನೆಯವರದು, ಕೈಬರಹ ನನ್ನದು. ಬೆಳಗಿನ ಒಂಬತ್ತಕ್ಕೆ ಅವರ ವರದಿ: “ಹಸಿ ತೊಟ್ಟು ಮುರಿದಂಗ, ಒಂದೀಟು ಕಟು ಐತಿ.” ಹತ್ತಕ್ಕೆ: “ಈಗ ಹೂ ಅರಳೈತ್ರಿ.” ಹನ್ನೊಂದೂವರೆಗೆ ತಮ್ಮ ಕೈ ಮೂಸಿ ಮುಖ ಸಪ್ಪಗೆ ಮಾಡಿದರು, ನನ್ನ ಕೈ ಎಳೆದುಕೊಂಡು ಮೂಸಿ ಬೆರಗಾದರು. ತಮ್ಮ ಕೈಯಲ್ಲಿ ಹೂ ಮುಗಿಯುತ್ತ ಬಂದಿದೆ, ನನ್ನ ಕೈಯಲ್ಲಿ ಈಗ ತಾನೇ ದಂಡೆ ಮುಡಿದಂತಿದೆಯಂತೆ. ಒಂದೇ ಶೀಸೆ, ಒಂದೇ ಕಡ್ಡಿ, ಎರಡು ನಡತೆ!

ಸಂಜೆ ಯಜಮಾನರು ಹೇಳಿದುದನ್ನೂ, ಬಂದ ಮೇಲೆ ನಾನು ಓದಿ ತಿಳಿದುದನ್ನೂ ಕೂಡಿಸಿ ಹೇಳುವುದಾದರೆ ಸಂಗತಿ ಹೀಗಿದೆ. ಅತ್ತರು ಒಂದೇ ವಸ್ತುವಲ್ಲ. ಹಗುರವಾದವು, ಮಧ್ಯಮವಾದವು, ಭಾರವಾದವು, ಹೀಗೆ ನೂರಾರು ದ್ರವ್ಯಗಳು ಅದರಲ್ಲಿ ಕೂಡಿವೆ. ಚರ್ಮದ ಮೇಲ್ಮೈಯ ಉಷ್ಣತೆ ಸುಮಾರು 32 ಡಿಗ್ರಿ. ಆ ಕಾವಿಗೆ ಹಗುರವಾದವು ಮೊದಲು ಏಳುತ್ತವೆ. ಅದೇ ಮನೆಯವರು ಹೇಳಿದ ಹಸಿ ತೊಟ್ಟಿನ ಕಟು. ಅವು ಹೋದ ಮೇಲೆ ಹೂವಿನ ನಡುಭಾಗ. ಗಂಧದೆಣ್ಣೆಯ ಸ್ಯಾಂಟಲಾಲ್ ಕುದಿಯಬೇಕಾದರೆ ಸುಮಾರು 300 ಡಿಗ್ರಿ ಕಾವು ಬೇಕು. ಅಂಥ ಭಾರದ ವಸ್ತು ಚರ್ಮವನ್ನು ಬಿಟ್ಟು ಏಳಲು ಅವಸರ ಮಾಡುವುದಿಲ್ಲ, ತನ್ನ ಜೊತೆಯವರನ್ನೂ ಬೇಗ ಬಿಡುವುದಿಲ್ಲ. ಸ್ಪಿರಿಟ್ಟಿನ ಸೆಂಟು ಹೊಡೆದ ಕೂಡಲೆ ಕೋಣೆ ತುಂಬುತ್ತದೆ. ಎಣ್ಣೆಯ ಅತ್ತರು ಮೈಯ ಹತ್ತಿರವೇ ಇದ್ದು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ.

ಇನ್ನು ಕೈಯಿಂದ ಕೈಗೆ ಭೇದ. ಜಿಡ್ಡಿರುವ ಚರ್ಮ ಪರಿಮಳವನ್ನು ಹಿಡಿದಿಡುತ್ತದೆ, ಒಣ ಚರ್ಮ ಬಿಟ್ಟುಕೊಡುತ್ತದೆ. ಮೂವತ್ತು ವರ್ಷ ಪಾತ್ರೆ ತಿಕ್ಕಿ, ಅರಿವೆ ಒಗೆದು, ಸಾಬೂನು ಸೋಡಾದಲ್ಲಿ ನೆನೆದು ಒಣಗಿದ ಕೈ ಒಂದು. ಸೀಮೆಸುಣ್ಣ ಹಿಡಿದುದಕ್ಕಿಂತ ಭಾರದ ಕೆಲಸ ಕಾಣದ ಕೈ ಇನ್ನೊಂದು. ಯಜಮಾನರು ಇದನ್ನು ಸಹಜವಾಗಿ ಹೇಳಿ, ಒಣ ಕೈಗೆ ಮೊದಲು ಒಂದು ಹನಿ ಸಾದಾ ಎಣ್ಣೆ ಸವರಿ ಆಮೇಲೆ ಅತ್ತರು ಹಚ್ಚಬೇಕೆಂದು ಉಪಾಯ ತಿಳಿಸಿದರು. ನಾನು ಅದನ್ನು ಬರೆದುಕೊಳ್ಳುವಾಗ ತಲೆಯೆತ್ತಿ ಮನೆಯವರ ಮುಖ ನೋಡಲಿಲ್ಲ.

ತಿಕ್ಕಬಾರದೇಕೆಂದರೆ, ತಿಕ್ಕಿದ ಕಾವಿಗೆ ಹಗುರ ಭಾಗ ಬೇಗ ಹಾರುತ್ತದೆ. ಬಟ್ಟೆಗೆ ಹಚ್ಚಿದರೆ ಅದು ತಣ್ಣಗಿರುವುದರಿಂದ ಹೂ ಮರುದಿನದ ವರೆಗೂ ಹೆಚ್ಚು ಬದಲಾಗದೆ ನಿಲ್ಲುತ್ತದೆ. ಹತ್ತಿಯ ಎಳೆಗೆ ಅತ್ತರು ಮುಟ್ಟಿಸಿ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವ ಹಿರಿಯರನ್ನು ನಾವು ಸಂತೆಯಲ್ಲಿ ಕಂಡಿದ್ದೇವೆ. ಹತ್ತಿ ತಡೆದು ಕೊಡುತ್ತದೆ, ಕಿವಿಯ ಬಿಸುಪು ಎಬ್ಬಿಸಿ ಕೊಡುತ್ತದೆ. ಓದು ಬರಹವಿಲ್ಲದ ಆ ಹಿರಿಯರಿಗೆ ಭೌತಶಾಸ್ತ್ರ ಯಾರು ಕಲಿಸಿದರೋ!

ಬೇಸಿಗೆಗೆ ಖಸ್, ಗುಲಾಬಿ, ಕೇದಿಗೆ, ಮಲ್ಲಿಗೆ. ಚಳಿಗೆ ಹಿನಾ, ಶಮಾಮಾ. ಲಾವಂಚದ ಬೇರನ್ನು ತಾಮ್ರದಲ್ಲಿ ಇಳಿಸಿದಾಗ ಎಣ್ಣೆಗೆ ಹಸಿರು ಬಣ್ಣ ಬರುತ್ತದೆಂಬುದು ನನಗೆ ಹೊಸ ವಿಷಯ. ಇವೆಲ್ಲ ಉತ್ತರದವರ ಸೊತ್ತೇ ಎಂದುಕೊಳ್ಳಬೇಕಾಗಿಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಸುಗಂಧ ದ್ರವ್ಯಗಳ ವಿಚಾರವಿದೆ. ನಮ್ಮ ಪಕ್ಕದ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಮೈಗೆ ಲೇಪಿಸುವ ಗಂಧಗಳನ್ನೂ ಧೂಪಗಳನ್ನೂ ವಿವರವಾಗಿ ಹೇಳಿದ್ದಾನೆ. ಗುಲಾಬಿಯ ಅತ್ತರನ್ನು ನೂರಜಹಾನಳು ಕಂಡುಹಿಡಿದಳೆಂದು ಮಕ್ಕಳಿಗೆ ಹೇಳುತ್ತ ಬಂದಿದ್ದೆ; ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಆ ಕೀರ್ತಿಯನ್ನು ಆಕೆಯ ತಾಯಿಗೆ ಕೊಟ್ಟಿದ್ದಾನೆ. ತಪ್ಪನ್ನು ಇಲ್ಲಿ ತಿದ್ದಿಕೊಂಡಿದ್ದೇನೆ.

ಕಡೆಯದಾಗಿ ‘ಮಿಟ್ಟಿ’ ಅತ್ತರಿನ ಒಲೆಯ ಬಳಿಗೆ ಹೋದೆವು. ಒಣಗಿದ ಮಣ್ಣನ್ನು ಬಿಲ್ಲೆ ಮಾಡಿ, ಅರೆಬೇಯಿಸಿ, ಹೂವಿನ ಬದಲು ಅದನ್ನೇ ಹಂಡೆಗೆ ತುಂಬಿ ಭಟ್ಟಿಯಿಳಿಸುತ್ತಾರೆ. ಮೊದಲ ಮಳೆಯ ಮಣ್ಣಿನ ವಾಸನೆ ಗಂಧದೆಣ್ಣೆಯಲ್ಲಿ ಸೆರೆಯಾಗುತ್ತದೆ. 1964ರಲ್ಲಿ ಬೇರ್ ಮತ್ತು ಥಾಮಸ್ ಎಂಬ ಇಬ್ಬರು ಆಸ್ಟ್ರೇಲಿಯದ ವಿಜ್ಞಾನಿಗಳು ಒಣ ಮಣ್ಣು ಕಲ್ಲುಗಳಿಂದ ಹಬೆಯ ಮೂಲಕ ಇಂಥದೇ ಎಣ್ಣೆ ತೆಗೆದು ‘ಪೆಟ್ರಿಕಾರ್’ ಎಂದು ಹೆಸರಿಟ್ಟರು. ಉತ್ತರ ಪ್ರದೇಶದ ಜನ ಇದನ್ನು ಮೊದಲೇ ಅತ್ತರಾಗಿ ತೆಗೆಯುತ್ತಿದ್ದುದನ್ನು ಅವರೂ ಸ್ಮರಿಸಿದ್ದಾರೆ.

ಯಜಮಾನರು ಕಡ್ಡಿಯನ್ನು ನನ್ನ ಎಡ ಮಣಿಕಟ್ಟಿಗೆ ಮುಟ್ಟಿಸಿದರು. ಅಭ್ಯಾಸಬಲದಿಂದ ಕೈಯನ್ನು ಮನೆಯವರ ಕಡೆ ಚಾಚಿದೆ. ಅವರು ಅದನ್ನು ನನ್ನ ಮೂಗಿಗೇ ತಿರುಗಿಸಿದರು. ಮೊದಲು ಏನೂ ಇಲ್ಲ. ಐದು ಹತ್ತು ನಿಮಿಷ ಕಳೆದಿರಬೇಕು. ಹೊಸ ಗಡಿಗೆಗೆ ನೀರು ಹೊಯ್ದಂಥ ಒಂದು ತಂಪು ಸುಳಿಯಿತು. ಸುಳಿದು ಹೋಯಿತು, ಮತ್ತೆ ಬಂತು. ಭ್ರಮೆಯೋ ಎಂದು ಅನುಮಾನಿಸಿ ಬಲಗೈ ಮೂಸಿದೆ, ಅಲ್ಲಿ ಇಲ್ಲ. ಎಡಗೈಯಲ್ಲಿ ಇದೆ. ಸುತ್ತ ಜನರಿದ್ದುದರಿಂದ ಕನ್ನಡಕ ತೆಗೆದು ಒರಸಿಕೊಳ್ಳುತ್ತ ನಿಂತೆ.

“ಬಂತ್ರಿ?” ಎಂದರು ಮನೆಯವರು.

“ಬಂತು ಅನಸ್ತದ.”

ಅವರೂ ಮೂಸಿದರು. ಬಹಳ ಹೊತ್ತು ಯೋಚಿಸಿ, “ಛಲೋ ಐತಿ. ಆದ್ರ ಇದು ಗಂಗಿ ದಂಡಿ ಮಣ್ಣು. ನಮ್ಮ ಎರಿಹೊಲದ ವಾಸ್ನಿ ಹಿಂಗಲ್ರಿ, ಅದು ಭಾರ ಇರತೈತಿ” ಎಂದರು. ನನಗೆ ಆ ಭೇದ ತಿಳಿಯಲಿಲ್ಲ.

ಲಗ್ನ ಮಾಘದಲ್ಲಿದ್ದುದರಿಂದ ಚಳಿಗೆ ಒಪ್ಪುವ ಹಿನಾ ಮೂರು ತೊಲೆ, ಮಿಟ್ಟಿ ಒಂದು ತೊಲೆ ಕೊಂಡೆವು. ಕಿಸೆಗೆ ಸ್ವಲ್ಪ ಭಾರವೇ ಆಯಿತು. ಬೆಳಕು ತಾಗದಂತೆ ಶೀಸೆಗಳನ್ನು ಮನೆಯವರು ತಮ್ಮ ಇಳಕಲ್ ಸೀರೆಯ ಮಡಿಕೆಯಲ್ಲಿಟ್ಟರು.

ಆ ವರ್ಷ ಮುಂಗಾರು ತಡವಾಯಿತು. ಜೂನ್ ಕೊನೆಯ ವಾರ, ನಾಲ್ಕನೆಯ ಇಯತ್ತೆಗೆ ಭಾಗಾಕಾರ ಹೇಳುತ್ತಿದ್ದಾಗ ಶಾಲೆಯ ತಗಡಿನ ಮೇಲೆ ಹನಿ ಬಿದ್ದವು. ಹುಡುಗರು ಅಪ್ಪಣೆ ಕೇಳದೆ ಎದ್ದು ಹೊರಗೋಡಿದರು. ನಾನೂ ಹಿಂದೆಯೇ ಹೋದೆ. ಅಂಗಳದ ಅಂಚಿನಲ್ಲಿ ಎರೆಹೊಲ ಆರಂಭವಾಗುವ ಕಡೆ ನಿಂತು ಉಸಿರೆಳೆದುಕೊಂಡೆ. ಕನೌಜಿನ ತಂಪು ಮೊದಲು ಬಂತು. ಅದರ ಹಿಂದೆ, ಬಿರುಕು ಬಿಟ್ಟ ನೆಲದೊಳಗಿನಿಂದ, ಹಳೆಯ ಕಣಜದ ಬಾಯಿ ತೆರೆದಂಥ ಇನ್ನೊಂದು. ಸಂಜೆ ಮನೆಗೆ ಹೋಗಿ ಹೇಳಿದಾಗ ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, “ಹೌದಲ್ರಿ, ಭಾರ ಐತಲ್ಲ?” ಎಂದು ಕೇಳಿದರು.