ಗ್ವಾಡಿ ಒಂದ, ಅಳತಿ ಎರಡ

ಮನಿ ಕಟ್ಟಿ ನೋಡು, ಮದವಿ ಮಾಡಿ ನೋಡು ಅಂತ ಹಿರೇರು ಹೇಳ್ತಾರಲ್ಲಾ, ಅದರಾಗ ಮದವಿ ನಾವು ಎರಡ ಮಾಡಿ ಮುಗಿಸೇವಿ. ಹಂಗಾಗಿ ಧಾರವಾಡದಾಗಿನ ನಮ್ಮ ಹಳೇ ಮನಿ ಮ್ಯಾಲೆ ಒಂದು ಪಡಸಾಲಿ, ಎರಡು ಖೋಲಿ ಏರಸೋಣು ಅಂತ ನಮ್ಮವ್ರು ಅಂದಾಗ ನಂಗೇನ ಭಾಳ ಅಂಜಿಕಿ ಆಗ್ಲಿಲ್ಲ. ಮದವ್ಯಾಗ ಖರ್ಚಾದ ರೊಕ್ಕ ಎಲ್ಲೆ ಹೋತು ಅಂತ ಹುಡುಕಿದ್ರೂ ಸಿಗೂದಿಲ್ಲ. ಮನಿ ಹಂಗಲ್ಲ, ಕಣ್ಣ ಮುಂದ ನಿಂತಿರ್ತದ, ಟೇಪ್ ಹಿಡದ್ರ ಅಳೀಲಿಕ್ಕೆ ಬರ್ತದ.

ನಾ ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಆದ್ರ ಮೂವತ್ತ ವರ್ಷದಿಂದ ಹಾಲಿನವನ ಲೆಕ್ಕಾ, ಕಿರಾಣಿ ಉದ್ರಿ, ಮಕ್ಕಳ ಫೀ ಎಲ್ಲಾ ನನ್ನ ವಹಿಯೊಳಗನ ಅವ. ಕಟ್ಟಡದ ಅಳತಿ ಕಲಿಸಿದವರು ನಮ್ಮ ಮಾವನವರ ತಮ್ಮ. ನಾವೆಲ್ಲಾ ಕಾಕಾ ಅಂತೇವಿ. ಪಿಡಬ್ಲ್ಯೂಡಿ ಒಳಗ ಓವರಸಿಯರ ಆಗಿ ರಿಟೈರ ಆದವರು. ಅವರಿಗೆ ಮೊಣಕಾಲ ನೋವು, ಮೆಟ್ಟಲಾ ಹತ್ತೂದಾಗೂದಿಲ್ಲ. ನಮ್ಮವ್ರು ಆಫೀಸಿಗೆ ಹೋಗ್ತಾರ. ಉಳದಕಿ ನಾನ. ಕಾಕಾ ಕೆಳಗ ಕಟ್ಟಿ ಮ್ಯಾಲೆ ಕೂತು ಕೇಳೋದು, ನಾ ಮ್ಯಾಲೆ ಹೋಗಿ ಅಳದು ಬಂದು ಹೇಳೋದು. ಹಿಂಗ ಶುರು ಆತು.

ಮೊದಲನೇ ದಿನಾನ ಒಂದ ನೂರ ಪೇಜಿನ ನೋಟಬುಕ್ ತರಿಸಿ, ಎಲ್ಲಾ ಪೇಜಿಗೂ ನಂಬರ ಹಾಕು ಅಂದ್ರು. ಸರಕಾರಿ ಕೆಲಸದಾಗ ಅಳತಿ ಪುಸ್ತಕ ಅಂತ ಇರ್ತದಂತ, ಎಮ್.ಬಿ. ಅಂತಾರ. ಅದರ ಹಾಳಿ ಹರೀಬಾರದು, ಅಳದ ಜಾಗಾದಾಗನ ಬರೀಬೇಕು, ತಪ್ಪಿದ್ರ ತಿದ್ದಬಾರದು, ಗೀಟ ಹೊಡದು ಪಕ್ಕದಾಗ ಬರದು ಸಹಿ ಮಾಡ್ಬೇಕು. ಐದ ಕಾಲಮ್: ಎಷ್ಟು, ಉದ್ದ, ಅಗಲ, ಎತ್ತರ, ಒಟ್ಟು. ಚೀಟಿ ಮ್ಯಾಲೆ ಬರಕೊಂಡು ಬಂದು ಕೆಳಗ ಚಂದಾಗಿ ಇಳಸ್ತೇನಿ ಅಂದೆ. ಕಾಕಾ ಒಪ್ಪಲಿಲ್ಲ. ‘ಚಂದ ಕಾಣೂ ಅಳತಿ ಎಲ್ಲಾ ಮನ್ಯಾಗ ಕೂತು ಬರದದ್ದ ಇರ್ತದವಾ’ ಅಂದ್ರು. ಹಿಂಗಾಗಿ ನನ್ನ ವಹಿ ತುಂಬ ಸಿಮಿಟ್ಟಿನ ಕೈ ಗುರ್ತು ಅವ.

ಟೇಪಿನ ತುದಿಯ ಕೊಕ್ಕಿ ಸ್ವಲ್ಪ ಹಿಂದಮುಂದ ಅಲಗ್ಯಾಡ್ತಿತ್ತು. ಅಂಗಡಿಯವ ಹಾಳ ಮಾಲ ಕೊಟ್ಟಾನ ಅಂತ ನಮ್ಮವ್ರು ತಿರಗಿ ಕೊಡ್ಲಿಕ್ಕೆ ಹೊಂಟಿದ್ರು. ಕಾಕಾ ನಕ್ಕು, ಅದು ಬೇಕಂತನ ಹಂಗ ಮಾಡಿರ್ತಾರ ಅಂದ್ರು. ಕೊಕ್ಕಿ ಎಷ್ಟು ದಪ್ಪ ಅದನೋ ಅಷ್ಟ ಅಲಗ್ಯಾಡ್ತದ. ಹೊರಗಿನಿಂದ ಸಿಗಿಸಿ ಎಳದ್ರ ಮುಂದ ಸರೀತದ, ಗ್ವಾಡಿಗೆ ಒತ್ತಿದ್ರ ಒಳಗ ಹೋಗ್ತದ, ಎರಡೂ ಕಡೆ ಅಳತಿ ಸರಿ ಬರ್ತದ. ಇನ್ನೊಂದು ಇಂಚಿನ ವಿಷಯ. 10 ಫೂಟು 6 ಇಂಚನ್ನ ಕ್ಯಾಲಕುಲೇಟರಿನ್ಯಾಗ 10.6 ಅಂತ ಒತ್ತಬಾರದು, 10.5 ಅಂತ ಒತ್ತಬೇಕು. ಫೂಟಿಗೆ ಹನ್ನೆರಡ ಇಂಚು, ಹತ್ತಲ್ಲ. ಎಂಥೆಂಥವರ ಬಿಲ್ಲಿನ್ಯಾಗೂ ಈ 10.6 ಇರ್ತದಂತ.

ಮೂಲಿ ಲೆಕ್ಕಾ ನಂಗ ಭಾಳ ಸೇರಿತು. ಒಳಗ 12 ಫೂಟು, 11 ಫೂಟು ಇರೋ ಖೋಲಿ, ಗ್ವಾಡಿ 9 ಇಂಚು. ಹೊರಗಿನಿಂದ ಅಳದ್ರ 13.5 ಮತ್ತ 12.5. ನಾಕೂ ಗ್ವಾಡಿ ಹೊರಗಿನ ಅಳತಿ ಕೂಡಿಸಿದ್ರ 52 ಫೂಟು. ಆದ್ರ ಹಂಗ ಮಾಡಿದ್ರ ನಾಕೂ ಮೂಲಿಯೊಳಗಿನ ಇಟ್ಟಂಗಿ ಎರಡೆರಡ ಸಲ ಎಣಿಸಿದಂಗ ಆಗ್ತದ. ಎರಡ ಉದ್ದನ ಗ್ವಾಡಿ ಹೊರಗಿನಿಂದ, ಎರಡ ಸಣ್ಣ ಗ್ವಾಡಿ ಒಳಗಿನಿಂದ ಹಿಡೀಬೇಕು. ಆಗ 49 ಬರ್ತದ. ಮೂರ ಫೂಟಿನ ಫರಕು, 10 ಫೂಟ ಎತ್ತರಕ್ಕ ಇಪ್ಪತ್ತೆರಡೂವರಿ ಘನ ಫೂಟು ಇಲ್ಲದ ಗ್ವಾಡಿ! ಅದೂ ಒಂದ ಖೋಲಿಗೆ.

ಕಬ್ಬಣ, ಸಿಮಿಟ್ಟು, ಉಸುಕು ನಾವ ತರೋದು, ಕೆಲಸಾ ಕಾಂಟ್ರ್ಯಾಕ್ಟರದು ಅಂತ ಕರಾರ ಇತ್ತು. ಕಬ್ಬಣದ್ದು ಸಸಾರ. ರಾಡಿನ ದಪ್ಪನ್ನ ಅದರಿಂದನ ಗುಣಿಸಿ 162ರಿಂದ ಭಾಗಿಸಿದ್ರ ಒಂದ ಮೀಟರಿಗೆ ಎಷ್ಟ ಕಿಲೋ ಅಂತ ಬರ್ತದ. 8 ಎಮ್ಎಮ್ ರಾಡು 12 ಮೀಟರ ಇದ್ರ ಹತ್ರ ಹತ್ರ ನಾಕ ಕಿಲೋ 740 ಗ್ರಾಮು. ರಾಡ್ ಎಣಿಸಿ, ಗುಣಿಸಿ, ತೂಕದ ಚೀಟಿ ಜೋಡಿ ತಾಳೆ ನೋಡಿದ್ರ ಮುಗೀತು.

ಉಸುಕು ಮಾತ್ರ ಸಸಾರ ಅಲ್ಲ. ಬ್ರಾಸ್ ಅಂದ್ರ 100 ಘನ ಫೂಟು. ಟ್ರ್ಯಾಕ್ಟರದವ ಒಂದ ಬ್ರಾಸ್ ಅಂತ ಹೇಳಿ ಟ್ರೇಲರ ಎತ್ತಿ ಸುರೂಲಿಕ್ಕೆ ಹೊಂಟಿದ್ದ. ತಡೀಪಾ ಅಂತ ನಿಲ್ಲಿಸಿ ಅಳದೆ. ಒಳಗ ಉದ್ದ 10, ಅಗಲ 6. ಗುಪ್ಪಿ ಸಮಾ ಮಾಡಿಸಿ ಐದ ಕಡೆ ಕಟಗಿ ಇಳಿಸಿ ನೋಡಿದ್ರ ಎತ್ತರ ಒಂದೂವರಿ ಫೂಟು. 90 ಆತು. 90ಕ್ಕನ ರೊಕ್ಕಾ ಕೊಟ್ಟೆ. ಹಸೀ ಉಸುಕಿನ್ಯಾಗ ಇನ್ನೊಂದ ಆಟ ಅದ. ಸ್ವಲ್ಪ ತ್ಯಾಂವ ಇದ್ರ ಉಸುಕು ಉಬ್ಬತದ, ಅಳತ್ಯಾಗ ಹೆಚ್ಚ ಕಾಣ್ತದ. ನೆಚ್ಚಿಗಿ ಬರಲಿಲ್ಲಂದ್ರ ಒಂದ ಗಾಜಿನ ಗ್ಲಾಸಿನ್ಯಾಗ ಅಂಥಾ ಉಸುಕು ಸಡಲಾಗಿ ತುಂಬಿ, ಪೂರಾ ಮುಳುಗೂ ಹಂಗ ನೀರು ಹಾಕಿ ನೋಡ್ರಿ, ಮಟ್ಟ ಕೆಳಗ ಇಳೀತದ. ಜರಡಿ ಹಿಡದ ಹಿಟ್ಟು ಡಬ್ಬಿ ತುಂಬ ಕಾಣ್ತದ, ತಟ್ಟಿದ್ರ ಕುಂದರ್ತದ, ಹೌದಲ್ಲೋ? ನಮಗ ಇದೇನ ಹೊಸಾದಲ್ಲ.

ಇನ್ನ ಗಿಲಾವದ ಮಾತಿಗೆ ಬರ್ತೇನಿ. ನಾ ಇಷ್ಟ ಬರೀಲಿಕ್ಕೆ ಕೂತದ್ದ ಅದರ ಸಲುವಾಗಿ.

ಗ್ವಾಡಿ ಗಿಲಾವ ಚದರ ಫೂಟಿನ ಲೆಕ್ಕ. ಆದ್ರ ಗ್ವಾಡಿಯೊಳಗ ಬಾಗಲಾ, ಕಿಡಕಿ ಇರ್ತಾವ, ಅಲ್ಲೆ ಗಿಲಾವ ಇಲ್ಲ. ಅದನ್ನ ಕಳೀಬೇಕೋ ಬ್ಯಾಡೋ? ಕಳೀಬೇಕು ಅಂತ ನಾ ತಟಕ್ಕನ ಅಂದೆ. ಕಾಕಾ ಕೇಳಿದ್ರು, ‘ಗುಳೇದಗುಡ್ಡದ ಖಣಾ ತಂದು ಜಂಪರ ಹೊಲಿಯೋ ಮುಂದ ಕೊಳ್ಳ ಕತ್ತರಸ್ತೀಯಲ್ಲಾ, ಆ ಅರಿವಿ ರೊಕ್ಕಾ ಅಂಗಡಿಯವಗ ತಿರಗಿ ಕೇಳ್ತೀಯೇನು? ಕೊಳ್ಳಿಲ್ಲಂತ ಹೊಲಿಗಿ ಕಡಿಮಿ ಆಗ್ತದೋ, ಹೆಚ್ಚ ಆಗ್ತದೋ?’ ಹೆಚ್ಚನ ಆಗ್ತದ. ಕೊಳ್ಳಿಗೆ ಪಟ್ಟಿ ಕೂಡಿಸಬೇಕು, ಅಂಚ ಮಡಚಬೇಕು, ಅದ ಖರೇ ಕೆಲಸಾ. ಕಿಡಕಿನೂ ಹಂಗ. ನಡುವ ಗಿಲಾವ ಇಲ್ಲಾ ಖರೆ, ಆದ್ರ ಗ್ವಾಡಿ ದಪ್ಪದ 9 ಇಂಚಿನ ಪಟ್ಟಿ ನಾಕೂ ಕಡೆ ಬಳೀಬೇಕು, ಮೂಲಿ ಕಾಟಕೋನ ಹಿಡೀಬೇಕು. ಬಯಲ ಗ್ವಾಡಿ ಬಳಿಯೂಕಿಂತ ಅದಕ್ಕ ವ್ಯಾಳ್ಯಾ ಹೆಚ್ಚು.

ಅದಕ್ಕ ಭಾರತೀಯ ಮಾನಕ ಬ್ಯೂರೋದವರು ಒಂದ ನಿಯಮ ಮಾಡ್ಯಾರ, ಐಎಸ್ 1200 ಅಂತ. ಗಿಲಾವದ್ದು ಅದರ 12ನೇ ಭಾಗದಾಗ ಅದ. ಅರ್ಧ ಚದರ ಮೀಟರಿನ ತನಕಾ, ಅಂದ್ರ ಸುಮಾರ 5 ಚದರ ಫೂಟಿನ ಸಣ್ಣ ಕಿಂಡಿ ಇದ್ರ ಏನೂ ಕಳಿಯೂದಿಲ್ಲ, ಪಟ್ಟಿ ಅಂತ ಬ್ಯಾರೆ ಕೂಡಿಸೋದೂ ಇಲ್ಲ. ಅರ್ಧದಿಂದ 3 ಚದರ ಮೀಟರ ತನಕಾ, ಅಂದ್ರ ಸುಮಾರ 32 ಚದರ ಫೂಟು, ಒಂದ ಮಗ್ಗಲದ್ದಷ್ಟ ಕಳೀಬೇಕು. ಇನ್ನೊಂದ ಮಗ್ಗಲದ್ದು ಆ ಪಟ್ಟಿ ಕೆಲಸಕ್ಕ ಹೋತು. ಅದಕ್ಕಿಂತ ದೊಡ್ಡದಿದ್ರ ಎರಡೂ ಮಗ್ಗಲ ಕಳದು, ಪಟ್ಟಿ ಖರೇನ ಅಳದು ಕೂಡಿಸಬೇಕು. ಎಷ್ಟ ನ್ಯಾಯ ಅದ ನೋಡ್ರಿ. ಕೊಡೋರಿಗೂ ಮೋಸ ಇಲ್ಲ, ಮಾಡೋರಿಗೂ ಇಲ್ಲ.

ಕಾಂಟ್ರ್ಯಾಕ್ಟರನ ಬಿಲ್ ಬಂತು. ಗಿಲಾವ ಚದರ ಫೂಟಿಗೆ 28 ರೂಪಾಯಿ. ಗ್ವಾಡಿ ಎಲ್ಲಾ ಇಡೀ ಹಿಡದಿದ್ದ, ಒಂದ ಕಿಡಕಿನೂ ಕಳದಿರಲಿಲ್ಲ. ನಾ ವಹಿ ತಗದು ಕೂತೆ. ಬಾಗಲಾ ನಾಕು, ಮೂರೂವರಿ ಗುಣಿಸು ಏಳು: 98. ಕಿಡಕಿ ಆರು, ನಾಕ ಗುಣಿಸು ನಾಕು: 96. ಇವೆರಡೂ ಒಂದೊಂದ ಮಗ್ಗಲ. ಪಡಸಾಲಿಯಿಂದ ಬಿಸಲ ಮಾಳಗಿಗೆ ಹೋಗೂ ದೊಡ್ಡ ಬಾಗಲಾ 7 ಗುಣಿಸು 7, ಅದರದ್ದು ಎರಡೂ ಮಗ್ಗಲ 98, ಮೂರ ಕಡೆ ಪಟ್ಟಿ ಬಿಟ್ರ 82 ಚಿಲ್ರೆ. ಗಾಳಿ ಕಿಂಡಿ ಎರಡು ಸಣ್ಣವು, ಅವನ್ನ ಮುಟ್ಟಲಿಲ್ಲ. ಒಟ್ಟ 276 ಚದರ ಫೂಟು, ರೊಕ್ಕದಾಗ 7,735 ರೂಪಾಯಿ. ನಮ್ಮಂಥವರಿಗೆ ಅದು ಎರಡ ತಿಂಗಳ ಕಿರಾಣಿ.

ಇಷ್ಟಕ್ಕ ಮುಗದಿದ್ರ ನಾ ಬರೀತಿರಲಿಲ್ಲ. ಮರುದಿನ ಗೌಂಡಿಗೆ ಚಹಾ ಕೊಡೂ ಮುಂದ, ನೀ ಎಷ್ಟ ಫೂಟು ಹಚ್ಚಿದಿ ಅಂತ ಸಹಜ ಕೇಳಿದೆ. ಅಂವಗ ಕಾಂಟ್ರ್ಯಾಕ್ಟರ ದಿನಗೂಲಿ ಕೊಡ್ತಿರಲಿಲ್ಲ, ಫೂಟಿಗೆ 18 ರೂಪಾಯಿ. ಕಿಸೆದಾಗಿಂದ ಚೀಟಿ ತಗದು ತೋರಿಸಿದ. ಅದರಾಗ ಎಲ್ಲಾ ಬಾಗಲಾ, ಎಲ್ಲಾ ಕಿಡಕಿ, ಗಾಳಿ ಕಿಂಡಿ ಸುದ್ದಾ ಎರಡೂ ಮಗ್ಗಲ ಕಳದಿದ್ರು! 498 ಚದರ ಫೂಟು. ಪಟ್ಟಿ ಒಂದೂ ಕೂಡಿಸಿರಲಿಲ್ಲ. ಗ್ವಾಡಿ ಒಂದ. ನಮ್ಮ ಕಡೆ ತೊಗೊಳ್ಳೂ ಮುಂದ ಅದರಾಗ ಕಿಡಕಿನ ಇಲ್ಲ, ಅವಗ ಕೊಡೂ ಮುಂದ ಕಿಡಕಿ ಎರಡೆರಡ. ನಿಯಮದ ಲೆಕ್ಕದಾಗ ಅವಂದು ಸುಮಾರ 222 ಫೂಟು, ಅಂದ್ರ ನಾಕ ಸಾವಿರ ರೂಪಾಯಿ ಹೋಗಿತ್ತು. ಆರ ಕಿಡಕಿ ಮೂಲಿ ಕಾಟಕೋನ ಹಿಡದ ಕೈಯದು.

ಆಗಿಂದ ನಂಗ 7,735ರ ಲೆಕ್ಕಾ ಹೇಳಲಿಕ್ಕೆ ಮನಸ ಹಿಂಜರೀಲಿಕ್ಕೆ ಹತ್ತಿತು. ನಾವು ಬಿಲ್ ಇಳಿಸಿದ್ರ ಅದನ್ನ ಅಂವ ಗೌಂಡಿ ತಲಿ ಮ್ಯಾಲೆ ಹಾಕಿದ್ರ? ಕಾಕಾಗ ಕೇಳಿದೆ. ಇಬ್ಬರದೂ ಒಂದ ಅಳತ್ಯಾಗ ಕೇಳು, ಒಬ್ಬರದ ಕೇಳಬ್ಯಾಡ ಅಂದ್ರು.

ಕಾಂಟ್ರ್ಯಾಕ್ಟರ ಬಂದು ಕೂತು ನಮ್ಮವರ ಮಾರಿ ನೋಡಿ ಮಾತಾಡ್ಲಿಕ್ಕೆ ಹತ್ತಿದ. ನಮ್ಮವ್ರು, ‘ಅಳದಕಿ ಅಕಿ, ಅಕಿನ್ನ ಕೇಳ್ರಿ’ ಅಂದು ಪೇಪರ ಹಿಡಕೊಂಡು ಕೂತ್ರು. ‘ಅಕ್ಕಾರ, ನಮ್ಮ ಕಡೆ ಕಿಡಕಿ ಕಳಿಯೂ ಪದ್ಧತಿ ಇಲ್ರಿ’ ಅಂದ. ಆ ಮಾತು ಪೂರಾ ಸುಳ್ಳೂ ಅಲ್ಲ, ಹಂಗ ಇಡೀ ಗ್ವಾಡಿ ಹಿಡಿಯೋರು ಭಾಳ ಮಂದಿ ಅದಾರ. ಅಂವ ಬರಸಿದ್ದ ಕರಾರಿನ್ಯಾಗೂ ರೇಟ್ ಒಂದ ಇತ್ತು, ಹೆಂಗ ಅಳೀಬೇಕು ಅಂತ ಇರಲಿಲ್ಲ. ‘ಆತಪಾ, ಪದ್ಧತಿ ಅಂದ್ರ ಪದ್ಧತಿ. ಗೌಂಡಿಗೂ ಅದ ಪದ್ಧತ್ಯಾಗ ಕೊಟ್ಟೀಯೇನು?’ ಅಂದೆ. ಸ್ವಲ್ಪ ಹೊತ್ತು ಫ್ಯಾನ್ ಸಪ್ಪಳ ಅಷ್ಟ ಕೇಳಸ್ತಿತ್ತು. ವಹಿ ಅವನ ಮುಂದ ಸರಿಸಿದೆ. ಪೇಜ್ ನಂಬರ ಇತ್ತು, ತಾರೀಖ ಇತ್ತು. ಮ್ಯಾಲೆ ಹೋಗಿ ಯಾವ ಕಿಡಕಿ ಬೇಕಾದ್ರೂ ಅಳೀರಿ ಅಂದೆ. ಒಂದ ಕಿಡಕಿ ಅಳದು ಬಂದ.

ನಮ್ಮ ಬಿಲ್ಲಿನ್ಯಾಗ ಏಳ ಸಾವಿರದ ಏಳನೂರ ಇಳಿಸಿದ. ಗೌಂಡಿದು ಕೇಳಿದ್ರ, ಅದು ನಂದು ಅವಂದು ವ್ಯವಹಾರ ಅಂದ. ಆದ್ರೂ ವಾರದ ಮ್ಯಾಲೆ ಅವಗ ಎರಡ ಸಾವಿರ ಕೊಟ್ಟನಂತ. ಉಳದ ಎರಡ ಸಾವಿರ ಇನ್ನೂ ಹಂಗ ಅದ. ನಾವ ಕೊಟ್ಟ ಬಿಡೋಣು ಅಂತ ನಮ್ಮವ್ರು ಅಂದ್ರು, ನಂಗ ಅದು ಸರಿ ಅನಸಲಿಲ್ಲ. ಮಾಡಿದ ಕೆಲಸದ ರೊಕ್ಕಾ ಬಕ್ಷೀಸ ಅಂತ ಯಾಕ ಅಂವ ತೊಗೋಬೇಕು? ಗೌಂಡಿನೂ ‘ಇರ್ಲಿ ಬಿಡ್ರಿ ಅಕ್ಕಾರ, ನಾಳೆ ಕೆಲಸಾ ಕೊಡೋರು ಅವರ’ ಅಂದ. ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ.

ಹಿತ್ತಲದ ಕಂಪೌಂಡ್ ಗ್ವಾಡಿ ಬಾಕಿ ಇತ್ತು. ಅದನ್ನ ಗೌಂಡಿಗೇ ನೇರ ಹೇಳೇವಿ. ಈ ಸಲ ಕರಾರು ನಾನ ಬರದೆ, ರೇಟಿನ ಕೆಳಗ ಅಳಿಯೂ ರೀತಿ ಮೂರ ಸಾಲು. ಗೇಟು ಎರಡೂ ಮಗ್ಗಲ ಕಳಿಯೋದು, ಕಂಬದ ಮಗ್ಗಲ ಕೂಡಿಸೋದು, ಟೇಪಿನ ಒಂದ ತುದಿ ಅಂವ ಹಿಡಿಯೋದು, ಒಂದ ತುದಿ ನಾ. ಅವನ ಮಗಳು ಎಂಟನೇತ್ತಾದಾಗ ಇದ್ದಾಳ, ಅಕಿಗೆ 10.6, 10.5 ತೋರಿಸಿದೆ, ಪಟ್ಟನ ಹಿಡದ್ಲು. ಸೋಮವಾರ ಪಾಯಾ ಅಗೀತಾರ. ಕಲ್ಲು ಕಾಂಕ್ರೀಟು ಬಿದ್ದು ಮುಚ್ಚೂಕಿಂತ ಮೊದಲ ತಗ್ಗಿಗೆ ಇಳದು ಅಳೀಬೇಕು, ಅದಕ್ಕ ಅವತ್ತಿನ ನಾಷ್ಟಾ, ಡಬ್ಬಿ ಎಲ್ಲಾ ಏಳ ಗಂಟೇದೊಳಗ ಮುಗಿಸಬೇಕಾಗೇದ.