ಆ ಒಂದನ್ನ ಆರ್ಸು

"ತಮ್ಮಾ, ಆ ಒಂದನ್ನ ಆರ್ಸು. ಕಣ್ಣಿಗೆ ಚುಚ್ಚತೈತಿ."

ಅಪ್ಪ ಹೇಳಿದ್ದು ಇಷ್ಟೇ. ಟಿವಿ ಪಕ್ಕದ ಮೇಜಿನ ಮೇಲೆ ಉರಿಯುತ್ತಿದ್ದ ನನ್ನ ಮಾನಿಟರ್ ಆರಿಸಬೇಕಿತ್ತು. ಹತ್ತು ವರ್ಷದಿಂದ ಕಂಪ್ಯೂಟರಿನ ಅನ್ನ ತಿನ್ನೋ ನನಗೆ ಇದೇನು ದೊಡ್ಡ ಕೆಲಸ? ಗುಂಡಿ ಒತ್ತಿದರೆ ಮುಗೀತು ಅಂದ್ಕೊಂಡೆ. ಮುಗೀಲಿಲ್ಲ.

ಮೊದಲು ನಮ್ಮನೆ ವ್ಯವಸ್ಥೆ ಹೇಳಿಬಿಡ್ತೀನಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಅಂದಾಗ ಲ್ಯಾಪ್‌ಟಾಪು, ನಾಕು ಜೊತೆ ಬಟ್ಟೆ ಹಿಡಕೊಂಡು ಬೆಂಗಳೂರಿಂದ ಶಿಗ್ಗಾವಿಗೆ ಬಂದವನು ನಾನು. ಹದಿನೈದು ದಿನ ಅಂತ ಬಂದದ್ದು ವರ್ಷಗಳೇ ಆದವು. ಅವ್ವ ಹೋದ ಮೇಲೆ ಮನೆಯಲ್ಲಿ ಅಪ್ಪ ಒಬ್ಬರೇ ಇದ್ದರು. ನಾನು ಬಂದದ್ದಕ್ಕೆ ಅವರು ಖುಷಿಪಟ್ಟರೋ ಇಲ್ಲವೋ ಬಾಯಿಬಿಟ್ಟು ಹೇಳಲಿಲ್ಲ. ಬೆಳಿಗ್ಗೆ ಮಾತ್ರ ಚಾ ಎರಡು ಕಪ್ ಆಗತೊಡಗಿತು.

ಲ್ಯಾಪ್‌ಟಾಪಿನ ಸಣ್ಣ ಪರದೆಗೆ ಕುತ್ತಿಗೆ ಹಿಡಿದುಕೊಂಡಾಗ ಹಾಲ್‌ನಲ್ಲೇ ಒಂದು ಡೆಸ್ಕ್‌ಟಾಪ್ ಇಟ್ಟೆ. ಅದರಿಂದ ಎರಡು ಕೇಬಲ್ಲು: ಡಿಸ್‌ಪ್ಲೇಪೋರ್ಟ್ ಕೇಬಲ್ಲು 24 ಇಂಚಿನ ಮಾನಿಟರಿಗೆ, ಎಚ್‌ಡಿಎಂಐ ಕೇಬಲ್ಲು 55 ಇಂಚಿನ ಟಿವಿಗೆ. ಆಮೇಲೆ ಸ್ಪೀಕರುಗಳೂ ಬಂದವು. ಹಗಲು ಹಾಲ್ ನನ್ನ ಆಫೀಸು, ರಾತ್ರಿ ಅಪ್ಪನ ಟಾಕೀಜು. ಕಂಪ್ಯೂಟರ್ ಒಂದೇ, ಮುಖ ಎರಡು.

ಅಪ್ಪ ಪ್ರೈಮರಿ ಶಾಲೆ ಮಾಸ್ತರಾಗಿದ್ದವರು. ಹಿರೇಕೆರೂರು, ಹಾನಗಲ್ಲು, ಸವಣೂರು, ಕೊನೆಗೆ ಶಿಗ್ಗಾವಿ, ಹೀಗೆ ತಿರುಗಿದವರು. 1997ರಲ್ಲಿ ಹಾವೇರಿ ಜಿಲ್ಲೆ ಆಗೋವರೆಗೂ ಇವೆಲ್ಲ ಧಾರವಾಡ ಜಿಲ್ಲೆಯ ತಾಲೂಕುಗಳು. ಅವರ ವರ್ಗಾವಣೆಯ ಇಸವಿಗಳು ಅವರಿಗೇ ನೆನಪಿಲ್ಲ, ಯಾವ ಊರಲ್ಲಿ ಯಾವ ಸಿನಿಮಾ ನೋಡಿದರು ಅನ್ನೋದು ಮಾತ್ರ ನೆನಪಿದೆ. ಹಿರೇಕೆರೂರಲ್ಲಿದ್ದಾಗ ಟೆಂಟಿನ ಸಿನಿಮಾಕ್ಕೆ ಕತ್ತಲಾಗೋದನ್ನೇ ಕಾಯಬೇಕಿತ್ತಂತೆ. ಹಾನಗಲ್ಲಿನಲ್ಲಿ ಬಾಡಿಗೆ ಸೈಕಲ್ಲು. ಸವಣೂರಲ್ಲಿ ಇಂಟರ್‌ವಲ್ಲಿಗೆ ಕಾಗದದ ಪೊಟ್ಟಣದಲ್ಲಿ ಖಾರಾ. ಸವಣೂರಿನ ಖಾರಾ ತಿಂದವರಿಗೆ ಇದನ್ನ ವಿವರಿಸಬೇಕಿಲ್ಲ, ತಿನ್ನದವರಿಗೆ ವಿವರಿಸೋಕೆ ಬರೋದಿಲ್ಲ.

ಆವತ್ತು ಹಾಕಿದ್ದು 'ಸಂತ ಶಿಶುನಾಳ ಶರೀಫ'. 1990ರದ್ದು, ಟಿ.ಎಸ್. ನಾಗಾಭರಣ ಅವರ ನಿರ್ದೇಶನ. ಅದನ್ನೂ ರಾಜ್‌ಕುಮಾರ್ ಅವರ 1960ರ 'ಭಕ್ತ ಕನಕದಾಸ'ವನ್ನೂ ಅಪ್ಪ ಎಷ್ಟು ಸಲ ನೋಡಿದಾರೋ ಲೆಕ್ಕವಿಲ್ಲ. ಕಾರಣ ಸರಳ. ಕನಕದಾಸರ ಬಾಡ ಶಿಗ್ಗಾವಿ ತಾಲೂಕು, ಶರೀಫರ ಶಿಶುನಾಳವೂ ಶಿಗ್ಗಾವಿ ತಾಲೂಕು. "ಇಬ್ರೂ ನಮ್ಮ ತಾಲೂಕಿನವ್ರು" ಅಂತ ಪ್ರತಿ ಸಲ ಹೇಳ್ತಾರೆ, ಪಕ್ಕದ ಓಣಿಯವರ ಬಗ್ಗೆ ಹೇಳೋ ಹಾಗೆ.

ಸಿನಿಮಾ ಶುರುವಾಗಿ ಅರ್ಧ ಗಂಟೆ ಆಗಿತ್ತು. ನಾನು ಪಕ್ಕದಲ್ಲೇ ಕೂತಿದ್ದೆ, ಆದರೆ ಕಣ್ಣು ಮಾನಿಟರಿನ ಕಡೆ. ಆಫೀಸಿನ ಚಾಟ್ ತೆರೆದಿತ್ತು. ಅದೇ ಹೊತ್ತಿಗೆ ಅಪ್ಪ "ಆರ್ಸು" ಅಂದರು. ಎದ್ದು ಹೋಗಿ ಗುಂಡಿ ಒತ್ತಿದೆ.

ಟಿವಿ ಒಂದು ಕ್ಷಣ ಕಪ್ಪಾಯ್ತು. ಮತ್ತೆ ಬೆಳಕಾದಾಗ ಶರೀಫರಿಲ್ಲ. 55 ಇಂಚಿನ ತುಂಬಾ ನನ್ನ ಚಾಟ್! ಮ್ಯಾನೇಜರ್ ಇಂಗ್ಲಿಷಿನಲ್ಲಿ ಬರೆದಿದ್ದರು: ಒಂದನೇ ತಾರೀಖಿನಿಂದ ವಾರಕ್ಕೆ ಮೂರು ದಿನ ಆಫೀಸು ಕಡ್ಡಾಯ, ಬೆಂಗಳೂರಲ್ಲಿ ಮನೆ ನೋಡಿದಿರಾ, ತಂದೆಯವರಿಗೆ ಹೇಳಿದಿರಾ?

ಹೇಳಿರಲಿಲ್ಲ. ಮೂರು ವಾರದಿಂದ ನಾಳೆ ಹೇಳಿದರಾಯ್ತು ಅಂತ ಮುಂದಕ್ಕೆ ಹಾಕ್ತಾ ಬಂದಿದ್ದೆ.

ಮಾಸ್ತರರ ಕಣ್ಣು, ಒಂದು ಸಾಲೂ ಬಿಡೋದಿಲ್ಲ. ಅಪ್ಪ ಕನ್ನಡಕ ಸರಿಮಾಡಿಕೊಂಡು ಸಾವಕಾಶ ಓದಿದರು. ನಾನು ಮೌಸಿಗೆ ತಡಕಾಡಿದೆ. ಸ್ಪೀಕರಿನಲ್ಲಿ ಸಿನಿಮಾದ ಹಾಡು ಮಾತ್ರ ನಡೆದೇ ಇತ್ತು.

"ಯಾವಾಗ ಹೊಂಟಿ?" ಅಂದರು.

"ಇನ್ನೂ ಗಟ್ಟಿ ಆಗಿಲ್ಲ ಅಪ್ಪಾ…"

"ಒಂದನೇ ತಾರೀಖು ಅಂತ ಬರ್ದೈತಲ್ಲ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಸಿನಿಮಾ ಹಾಕು" ಅಂದರು. ಹಾಕಿದೆ. ಆದರೆ ಮಾನಿಟರ್ ಮತ್ತೆ ಹೊತ್ತಿಸಿದರಷ್ಟೇ ಚಾಟ್ ಅಲ್ಲಿಗೆ ಹೋಗ್ತಿತ್ತು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೊಟ್ಟು, "ಇದನ್ನ ಹೊದಿಸು" ಅಂದರು. ಆವತ್ತಿಗೆ ಅದೇ ಪರಿಹಾರ.

ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಹಂಗಾಯ್ತು ಅಂತ ಹುಡುಕಿದೆ. ಡಿಸ್‌ಪ್ಲೇಪೋರ್ಟಿನಲ್ಲಿರೋ ಎಷ್ಟೋ ಮಾನಿಟರುಗಳು ಆರಿಸಿದ ಕೂಡಲೇ ಕಂಪ್ಯೂಟರಿನ ಪಾಲಿಗೆ ಇಲ್ಲವೇ ಆಗಿಬಿಡ್ತವೆ, ಕೇಬಲ್ ಕಿತ್ತ ಹಾಗೆ. ಆಗ ಅಲ್ಲಿದ್ದ ವಿಂಡೋಗಳಿಗೆ ನಿಲ್ಲೋಕೆ ಜಾಗವಿಲ್ಲ. ಎಲ್ಲವನ್ನೂ ವಿಂಡೋಸ್ ಉಳಿದ ಪರದೆಗೆ ತಂದು ಸುರೀತದೆ. ಎಚ್‌ಡಿಎಂಐನಲ್ಲಿ ಸಾಮಾನ್ಯವಾಗಿ ಉಲ್ಟಾ. ಪರದೆ ಆರಿದರೂ ಅದು ಇದೆ ಅಂತಲೇ ಕಂಪ್ಯೂಟರ್ ತಿಳಕೊಂಡಿರುತ್ತೆ. ವಿಂಡೋಗಳು ಆ ಕತ್ತಲಲ್ಲೇ ತೆರೆದಿರ್ತವೆ, ಮೌಸಿನ ಬಾಣವೂ ಅಲ್ಲಿಗೆ ಹೋಗಿ ಕಳೆದುಹೋಗುತ್ತೆ.

ಸರಿಯಾದ ದಾರಿ ವಿಂಡೋಸ್ ಕೀ ಜೊತೆ 'ಪಿ' ಒತ್ತೋದು. ನಾಕು ಆಯ್ಕೆ ಬರ್ತವೆ: ಕಂಪ್ಯೂಟರ್ ಪರದೆ ಮಾತ್ರ, ಎರಡರಲ್ಲೂ ಒಂದೇ, ಎರಡಕ್ಕೂ ಹಂಚು, ಎರಡನೇ ಪರದೆ ಮಾತ್ರ. ಆದರೆ ಎರಡನೆಯದು ಮಾತ್ರ ಅಂದರೂ ತೆರೆದಿಟ್ಟ ವಿಂಡೋಗಳು ಆ ಪರದೆಗೇ ಬರ್ತವೆ. ಮಾನಿಟರ್ ಕಳಚಿದಾಗ ಅದರಲ್ಲಿದ್ದ ವಿಂಡೋಗಳನ್ನ ಕೆಳಗಿಳಿಸು ಅನ್ನೋ ಸೆಟ್ಟಿಂಗ್ ವಿಂಡೋಸ್ 11ರಲ್ಲಿದೆ, ಡಿಸ್‌ಪ್ಲೇ ಸೆಟ್ಟಿಂಗ್‌ನ ಒಳಗೆ. ಕೆಳಗಿಳೀತವೆ, ಮುಚ್ಚೋದಿಲ್ಲ. ಚಾಟನ್ನ ನಾವೇ ಮುಚ್ಚಬೇಕು. ಮನೆಯಿಂದ ಕೆಲಸ ಮಾಡಿದ ನಿಮಗೆ ಇದು ಗೊತ್ತಿರುತ್ತೆ. ಆರೂವರೆಗೆ ಲಾಗೌಟ್ ಅಂತೀವಿ, ಒಂಬತ್ತರ ಸಿನಿಮಾದ ನಡುವೆ "ಒಂದೇ ನಿಮಿಷ ಅಪ್ಪಾ" ಅಂತೀವಿ. ಅಪ್ಪನಿಗೆ ಚುಚ್ಚಿದ್ದು ಬೆಳಕೊಂದೇ ಅಲ್ಲ ಅಂತ ನನಗೆ ಹೊಳೆದದ್ದು ಆ ರಾತ್ರಿ.

ಮರುದಿನ ಚಾ ಕುಡೀತಾ ಮಾತಾಡಿದೆವು. "ಹೋಗೋದು ತಪ್ಪಲ್ಲ. ಬದ್ಲಿ ಆರ್ಡರ್ ನಂಗೂ ಬರ್ತಿತ್ತು. ಬಂದ ದಿನಾನ ನಿಮ್ಮವ್ವಗ ಹೇಳ್ತಿದ್ದೆ" ಅಂದರು. ಅದಕ್ಕಿಂತ ಹೆಚ್ಚು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಹೋಗೋವರೆಗೆ ಹನ್ನೊಂದು ರಾತ್ರಿ ಉಳಿದಿದ್ದವು. ಅಷ್ಟೂ ರಾತ್ರಿ ಎಂಟಕ್ಕೆ ಚಾಟ್ ಮುಚ್ಚಿ, ಫೋನನ್ನ ಅಡುಗೆಮನೆ ಕಟ್ಟೆ ಮೇಲಿಟ್ಟು ಕೂತೆ. ಎಂಟಾದ ಮೇಲೆ ಬಂದ ಒಂದು ಮೆಸೇಜಿಗೂ ಬೆಳಿಗ್ಗೆವರೆಗೆ ಕಾಯೋಕಾಗದಷ್ಟು ಅವಸರವಿರಲಿಲ್ಲ. ಮಾನಿಟರನ್ನೂ ಎಚ್‌ಡಿಎಂಐಗೆ ಬದಲಾಯಿಸಿದೆ, ಇನ್ನು ಯಾವುದೂ ಟಿವಿಗೆ ಹಾರಿ ಬರದ ಹಾಗೆ. 'ವಿಂಡೋಸ್ ಮತ್ತು ಪಿ' ಅಂತ ಅಪ್ಪ ಒಂದು ಚೀಟಿಯಲ್ಲಿ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿಕೊಂಡರು.

ಈಗ ಬೆಂಗಳೂರಲ್ಲಿದೀನಿ. ತಿಂಗಳಿಗೆರಡು ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಶಿಗ್ಗಾವಿ. ಉಳಿದ ದಿನ ಅಪ್ಪನೇ ಸಿನಿಮಾ ಹಾಕ್ಕೋತಾರೆ. ಹೋದ ವಾರ ಮೀಟಿಂಗಿನಲ್ಲಿದ್ದಾಗ ಫೋನ್ ಬಂತು. ಎದ್ದು ಹೊರಗೆ ಹೋಗಿ ಎತ್ತಿದೆ.

"ತಮ್ಮಾ, ಬಾಣ ಕಾಣವಲ್ದು."

"ಚೀಟಿ ನೋಡಿದ್ರ್ಯಾ?"

"ಮರ್ತೆ. ನಿನ್ ಮಾನಿಟರ್ ಆರೇತಿ. ಆ ಬಾಣ ನಿನ್ ಕಡೇನ ಹೋಗೇತಿ ಅನಸ್ತೈತಿ."

"ಮೌಸ್ ಎಡಕ್ಕ ಎಳೀರಿ ಅಪ್ಪಾ. ಇನ್ನೂ ಎಳೀರಿ."

ಸ್ವಲ್ಪ ಹೊತ್ತು ಮೌಸು ಮೇಜಿನ ಮೇಲೆ ಉಜ್ಜೋ ಸಪ್ಪಳ ಕೇಳಿಸಿತು.

"ಹಾಂ, ಬಂತು ನೋಡು" ಅಂದರು. "ಇಡ್ತೀನಿ. ನೀ ಕೆಲ್ಸಾ ಮಾಡು."